ಸಣ್ಣವರ ಬಳ್ಳಿ

ನಮ್ಮೂರಲ್ಲಿ ಎದುರಾದವರ ಕ್ಷೇಮವನ್ನು ಮೊದಲು ಕೇಳುವ ರೂಢಿಯಿಲ್ಲ. "ಸಣ್ಣವ್ರು ಆರಾಮ ಅದಾರೇನ್ರೀ?" ಎಂದು ಕೇಳುತ್ತೇವೆ. ಸಣ್ಣವರು ಆರಾಮಿದ್ದರೆ ದೊಡ್ಡವರೂ ಆರಾಮಿದ್ದಾರೆಂದೇ ಅರ್ಥ. ಸಣ್ಣವರೆಂದರೆ ಮಕ್ಕಳಲ್ಲ, ಇಲಿಗಳು. ಆದರೆ ಇಲಿ ಎಂಬ ಮಾತನ್ನು ಊರೊಳಗೆ ಯಾರೂ ಆಡುವುದಿಲ್ಲ; ಅದು ಬಯಲಿನಲ್ಲಿ ಓಡಾಡುವವಕ್ಕೆ ಇರುವ ಹೆಸರು. ಮನೆಯ ಗೋಡೆಯೊಳಗೆ ಇರುವವರು ಸಣ್ಣವರು. ಪ್ರತಿ ಮನೆಯಲ್ಲೂ ಒಲೆಯ ಪಕ್ಕದ ಗೋಡೆಗೆ ಒಂದು ಕಿಂಡಿ, ಕಿಂಡಿಗೆ ತಾಮ್ರದ ಕಟ್ಟು, ಅದರ ಮುಂದೆ ಜೋಳದ ನುಚ್ಚಿನ ಬಟ್ಟಲು. ಮನೆ ತುಂಬುವ ಸೊಸೆ ದೇವರಿಗೆ ಕೈಮುಗಿಯುವ ಮೊದಲು ಆ ಬಟ್ಟಲಿಗೆ ಒಂದು ಹಿಡಿ ನುಚ್ಚು ಹಾಕುತ್ತಾಳೆ. ಊರಲ್ಲಿ ಬೆಕ್ಕಿಲ್ಲ. ಜಗಳ ಹತ್ತಿದಾಗ ಹೆತ್ತವರನ್ನು ಬೈದರೂ ಜನ ಸಹಿಸುತ್ತಾರೆ, "ನಿಮ್ಮ ಸಣ್ಣವ್ರಿಗೆ ಏನಾರ ಆಗ್ಲಿ" ಎಂದರೆ ಸಹಿಸುವುದಿಲ್ಲ. ಆ ಒಂದು ಮಾತಿಗೆ ಊರು ಬಿಟ್ಟುಹೋದವರಿದ್ದಾರೆ.

ಯಾಕೆಂದರೆ ನಮ್ಮೂರಿಗೆ ಬಂದ ಜ್ವರ ಮನುಷ್ಯರ ಹತ್ತಿರ ಬರುವುದಿಲ್ಲ, ನೇರ ಕಿಂಡಿಗೆ ಹೋಗುತ್ತದೆ. ಗೋಡೆಯೊಳಗಿನ ಸಣ್ಣವರಲ್ಲಿ ಒಬ್ಬನಾದರೂ ಆ ಜ್ವರವನ್ನುಂಡು ಬದುಕಿ ಉಳಿದರೆ ಸಾಕು, ಆ ಮನೆಯ ಮನುಷ್ಯರ ಮೈ ಬಿಸಿಯಾಗುವುದಿಲ್ಲ. ಎಲ್ಲರೂ ಸತ್ತುಹೋದರೆ ಮಾತ್ರ ಜ್ವರ ಕಿಂಡಿ ದಾಟಿ ಒಲೆಯ ಮುಂದೆ ಬಂದು ಕೂರುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹಾಗಾದದ್ದು ಎರಡೇ ಮನೆಗೆ. ಆ ಎರಡೂ ಮನೆಗಳ ಜಾಗದಲ್ಲಿ ಈಗ ಹುಣಿಸೆ ಗಿಡಗಳಿವೆ.

ನನ್ನ ಹೆಸರು ದಾವಲಸಾಬ. ನಮ್ಮದು ಹಿಂಜುವ ಮನೆ. ಊರಿನ ಗಾದಿ, ದಿಂಬುಗಳ ಹತ್ತಿಯೆಲ್ಲ ನನ್ನ ಬಿಲ್ಲಿನ ತಂತಿಯ ಕೆಳಗೆ ಹಾದು ಹೋದದ್ದು. ನಾನು ಓದಿದವನಲ್ಲ, ಕೇಳಿ ಬೆಳೆದವನು. ನನ್ನಪ್ಪ ಮೊಹರಂನಲ್ಲಿ ಪದ ಹೇಳುತ್ತಿದ್ದ. ಉಳಿದ ದಿನಗಳಲ್ಲಿ ಹತ್ತಿ ಹಿಂಜುತ್ತ, ಬಿಲ್ಲಿನ ಢುಂಯ್ ಢುಂಯ್ ತಾಳಕ್ಕೆ ಸಣ್ಣವರ ಬಳ್ಳಿ ಹಾಡುತ್ತಿದ್ದ. ಬಳ್ಳಿ ಎಂದರೆ ಯಾವ ಮನೆಯ ಹೆಣ್ಣು ಯಾವ ಮನೆಗೆ ಬಂದು ಎಷ್ಟು ಹೆತ್ತಳು ಎಂಬ ವಂಶದ ಪದ. "ಗಾಣದ ಮನಿಯಿಂದ ಬಂದಾಳ ಕಂದಿ, ಹೆತ್ತಾಳ ಹನ್ನೊಂದು ಹಿಂಜುವ ಮನಿಯಾಗ, ಕುಂಬಾರ ಮನಿಯಿಂದ ಬಂದಾಳ ಕರಿಗಾಲಿ, ಹೆತ್ತಾಳ ಒಂಬತ್ತು ಹಿಂಜುವ ಮನಿಯಾಗ." ಹೀಗೆ ಒಂದೊಂದು ಸಾಲಿಗೂ ಒಂದೊಂದು ಹೊಸ ತವರುಮನೆ. ಹಾಡುತ್ತ ಹಾಡುತ್ತ ಏಳು ಸಾಲಿನೊಳಗೆ ಒಂದೇ ತವರಿನ ಹೆಸರು ಮತ್ತೆ ಬಂದರೆ ಅಪ್ಪ ಬಿಲ್ಲು ಕೆಳಗಿಟ್ಟುಬಿಡುತ್ತಿದ್ದ. "ಇಲ್ಲೆಲ್ಲೋ ಯಾರೋ ಕೈ ಆಡಿಸ್ಯಾರ" ಎನ್ನುತ್ತಿದ್ದ.

ಆರು ವರ್ಷದ ಹಿಂದೆ ನನ್ನ ಹೆಂಡತಿ ಖಾಸಿಂಬಿ ಹೆರಿಗೆಯ ನಂಜಿನಿಂದಲೂ ಅಲ್ಲದೆ, ಜ್ವರದಿಂದಲೂ ಅಲ್ಲದೆ, ಬಾವಿಯ ಮೆಟ್ಟಿಲು ಜಾರಿ ಹೋದಳು. ಸಣ್ಣವರು ತಡೆಯಲಾಗದ ಸಾವು ಅದು. ಅವಳ ನಲವತ್ತನೆಯ ದಿನ ಲೋಬಾನ ಹಾಕಿದೆ. ಹೊಗೆ ಮನೆಯೆಲ್ಲ ತುಂಬಿ, ಹಿಂಜಿಟ್ಟ ಅರಳೆಯ ರಾಶಿಯೊಳಗೂ ಇಳಿಯಿತು. ಅಂದಿನಿಂದ ನಾನು ಕೈಯಿಟ್ಟ ಅರಳೆಗೆಲ್ಲ ಒಂದು ಕೆಂಡದ ಲೋಬಾನ ತೋರಿಸದೆ ಹೊರಗೆ ಕೊಟ್ಟವನಲ್ಲ. ಅದು ನನ್ನ ನಮಾಜಿನ ಹಾಗೆಯೇ ಆಯಿತು. ಜನರಿಗೂ ಹಿಡಿಸಿತು. "ದಾವಲನ ಗಾದಿ ಎರಡು ವರ್ಷ ಆದ್ರೂ ಘಮ್ಮಂತದ" ಎಂದು ಹೊಗಳಿದರು. ನಾನು ಒಳಗೊಳಗೆ ಹಿಗ್ಗುತ್ತಿದ್ದೆ.

ಈ ವರ್ಷ ನನ್ನ ಮಗಳು ಚಾಂದಬಿಯನ್ನು ಬಸುರಿನ ಆರು ತಿಂಗಳಿಗೇ ಕರೆದುಕೊಂಡು ಬಂದೆ. ಅವಳ ಗಂಡನ ಊರಲ್ಲಿ ಸಣ್ಣವರಿಲ್ಲ. ಅಲ್ಲಿ ಜ್ವರ ಬಂದರೆ ಯಾರನ್ನೂ ಕೇಳದೆ ಮನುಷ್ಯರ ಮೈಗೇ ಹತ್ತುತ್ತದಂತೆ. ಬಸುರಿ ಮಗಳನ್ನು ಅಂಥ ಊರಿನಲ್ಲಿ ಹೇಗೆ ಬಿಡಲಿ? ನಮ್ಮ ಗೋಡೆ ಗಟ್ಟಿಯಿದೆ, ಕಿಂಡಿಯ ಮುಂದೆ ಮಲಗಿಸಿ ಹೆರಿಗೆ ಮಾಡಿಸುತ್ತೇನೆ ಎಂದು ಅಳಿಯನಿಗೆ ಮಾತು ಕೊಟ್ಟು ಕರೆತಂದೆ.

ಅವಳು ಬಂದ ಎಂಟನೆಯ ದಿನ ಊರ ಬೇವಿನ ಕಟ್ಟೆಯ ಮೇಲೆ ಕೂಡಿಕೆ ನಡೆಯಿತು. ವರ್ಷಕ್ಕೊಮ್ಮೆ ಸಣ್ಣವರ ಸಂಬಂಧ ಕೂಡಿಸುವ ದಿನ ಅದು. ಕೂಡಿಸುವವಳು ಹಾಲವ್ವ. ಎಪ್ಪತ್ತು ದಾಟಿದ ಮುದುಕಿ, ಊರಿಗೆಲ್ಲ ಆಯಿ. ಅವಳ ಮುಂದೆ ಮೂರು ಬಾಯಿಯ ಮಣ್ಣಿನ ನಾಳ. ನಡುವಿನ ಬಾಯಿಂದ ಹೆಣ್ಣನ್ನು ಒಳಗೆ ಬಿಡುತ್ತಾರೆ. ಎಡಕ್ಕೊಂದು ಬಲಕ್ಕೊಂದು ಬಾಯಿಗೆ ಎರಡು ಮನೆಗಳ ಅರಳೆ ತುರುಕಿರುತ್ತಾರೆ. ಆ ಅರಳೆಯನ್ನು ಎಂಟು ದಿನ ಮುಂಚೆ ನಾನೇ ಮನೆಮನೆಗೆ ಕೊಟ್ಟಿರುತ್ತೇನೆ. ಆ ಮನೆಯ ಗಂಡು ಸಣ್ಣವರು ಎಂಟು ರಾತ್ರಿ ಅದರಲ್ಲೇ ಮಲಗಿರುತ್ತಾರೆ. ಹೆಣ್ಣು ಎರಡೂ ಕಡೆ ಮೂಸಿ ಯಾವ ಅರಳೆಯತ್ತ ನಡೆಯುತ್ತಾಳೋ ಆ ಮನೆಗೆ ಅವಳ ಸಂಬಂಧ. ಇದರಲ್ಲಿ ಹಣವಂತ ಬಡವ ಎಂಬುದಿಲ್ಲ, ಜಾತಿ ಕುಲದ ಮಾತಿಲ್ಲ, ಹೆಣ್ಣಿನ ಮೂಗು ಹೇಳಿದ್ದೇ ಮಾತು. ನಾನು ಅರಳೆ ಕೊಡುವವನಾದ್ದರಿಂದ ಹಾಲವ್ವನ ಮಗ್ಗುಲಲ್ಲೇ ನನಗೆ ಜಾಗ. ಅಂದು ಕಟ್ಟೆಯೆಲ್ಲ ಲೋಬಾನದ ಘಮಲು, ದರ್ಗಾದ ಅಂಗಳದ ಹಾಗೆ.

ಗಚ್ಚಿನಮನೆಯ ಹೆಣ್ಣಿನ ಸರದಿ ಬಂತು. ಗಚ್ಚಿನಮನೆ ಎಂದರೆ ಊರಿನ ದೊಡ್ಡ ಮನೆ, ಯಜಮಾನ ಅಂದಾನಪ್ಪ ಸಾಹುಕಾರರು. ಅವರ ಸಣ್ಣವರಿಗೆಲ್ಲ ಕೊರಳಲ್ಲಿ ಬಿಳಿ ಪಟ್ಟೆ. ನೋಡಲು ಬಲು ಚೆಂದ, ಎಲ್ಲರಿಗೂ ಅವೇ ಬೇಕು. ಆ ಬಿಳಿಗೊರಳಿಯನ್ನು ನಾಳಕ್ಕೆ ಬಿಟ್ಟರು. ಬಲಕ್ಕೆ ಗಾಣದ ಮನೆಯ ಅರಳೆ, ಎಡಕ್ಕೆ ನಮ್ಮ ಮನೆಯದು. ಎಲ್ಲರೂ ಎಡಬಲದ ಬಾಯಿಗಳನ್ನು ನೋಡುತ್ತ ನಿಂತಿದ್ದರು. ನಾನು ಮಾತ್ರ ನಡುವಿನ ಬಾಯಿಯ ಹತ್ತಿರ ಇದ್ದೆ. ಹಾಲವ್ವ ಸೆರಗು ಸರಿಮಾಡಿಕೊಳ್ಳುವವಳಂತೆ ಕೈ ಇಳಿಬಿಟ್ಟು, ತೋರುಬೆರಳನ್ನು ನಾಳದೊಳಗೆ ತೂರಿಸಿ, ಎಡಕ್ಕೆ ನೂಕಿದಳು. ಬಿಳಿಗೊರಳಿ ನಮ್ಮ ಅರಳೆಯ ಮೇಲೆ ಬಂದು ಬಿದ್ದಳು. ಜನ ಚಪ್ಪಾಳೆ ತಟ್ಟಿದರು. "ದಾವಲಾ, ಮೂರನೇ ವರ್ಷಾನೂ ಗಚ್ಚಿನಮನಿ ಹೆಣ್ಣ ಬಂತಲ್ಲೋ, ಪುಣ್ಯಾ ಮಾಡೀದಿ ಬಿಡು!" ಎಂದರು. ನಾನು ನಕ್ಕೆ. ಆದರೆ ಆ ಬೆರಳು ನನ್ನ ಕಣ್ಣಿಗೆ ಬಿದ್ದಾಗಿತ್ತು.

ಮನೆಗೆ ಬಂದು ಬಿಲ್ಲು ಹಿಡಿದೆ. ಬಳ್ಳಿ ಹಾಡಲು ಹೋದೆ. ಗಚ್ಚಿನಮನೆ, ಗಚ್ಚಿನಮನೆ, ಗಚ್ಚಿನಮನೆ. ಬಿಲ್ಲು ಕೆಳಗಿಟ್ಟೆ. ಊರಿನ ಬೇರೆ ಮನೆಗಳ ಬಳ್ಳಿಯನ್ನೂ ಮನಸ್ಸಿನಲ್ಲೇ ಹಾಡಿ ನೋಡಿದೆ. ಅಲ್ಲೂ ಅದೇ. ಒಂದಲ್ಲ ಒಂದು ಬಿಳಿಗೊರಳಿ ಪ್ರತಿ ಮನೆಯನ್ನೂ ಹೊಕ್ಕಿದ್ದಳು. ಅವಳ ಮಗಳು ತಿರುಗಿ ಗಚ್ಚಿನಮನೆಗೇ ಹೋಗಿದ್ದಳು. ಇದೇನು ತಾನಾಗಿ ಆದದ್ದೇ? ಊರಿನ ಗೋಡೆಗಳಲ್ಲೆಲ್ಲ ತಮ್ಮದೇ ಬಳ್ಳಿ ಹಬ್ಬಿಸಬೇಕು, ನಾಳೆ ಇಡೀ ಊರೇ ತಮ್ಮ ಸಣ್ಣವರಿಂದ ಬದುಕಿದೆ ಅನ್ನಿಸಿಕೊಳ್ಳಬೇಕು ಎಂದು ಸಾಹುಕಾರರು ಮುದುಕಿಯ ಕೈ ಬೆಚ್ಚಗೆ ಮಾಡಿದ್ದಾರೆ ಅನ್ನಿಸಿತು. ಅನ್ನಿಸಿದ್ದು ಹೋಗಲಿಲ್ಲ.

ಒಂದು ದಿನ ದಿಂಬಿನ ನೆಪ ಮಾಡಿಕೊಂಡು ಹಾಲವ್ವನ ಮನೆಗೆ ಹೋದೆ. ಒಳಗೆ ಕಾಲಿಡುವಾಗಲೇ ಮೂಲೆಯಲ್ಲಿದ್ದ ಬೆಣ್ಣೆಯ ಗಡಿಗೆ ಕಂಡಿತು. ಗಡಿಗೆಯ ಬಾಯಿಗೆ ಕಟ್ಟಿದ ಕೆಂಪಂಚಿನ ಬಟ್ಟೆ ಗಚ್ಚಿನಮನೆಯದು. ಅದನ್ನು ನಾನು ನೋಡಿದ್ದನ್ನು ಅವಳೂ ನೋಡಿದಳು.

"ಏನೋ ದಾವಲಾ, ದಿಂಬ ಕೊಡಾಕ ಬಂದೀಯೋ, ನನ್ನ ಅಡಗಿಮನಿ ತಪಾಸ ಮಾಡಾಕ ಬಂದೀಯೋ?"

"ದಿಂಬಿಗೇ ಬಂದೇನಿ ಆಯಿ. ಬೆಣ್ಣಿ ಭಾಳ ಛಲೋ ಕಾಣತದ."

"ತಿಂತೀ ಏನು? ನಿಂಬೆವ್ವ ಕಳಿಸ್ಯಾಳ, ಅಂದಾನಪ್ಪನ ಅವ್ವ. ನಾವಿಬ್ರೂ ಒಂದ ವರ್ಷದಾಗ ಈ ಊರಿಗೆ ಸೊಸೇರಾಗಿ ಬಂದಾವ್ರು. ಹಲ್ಲಿಲ್ಲದ ಮುದುಕೇರಿಗೆ ಬೆಣ್ಣೀ ಬಿಟ್ಟು ಮತ್ತೇನ ಗತಿ."

ಎಂಥ ಸಲೀಸಾದ ಉತ್ತರ! ಇಷ್ಟು ಸಲೀಸಾಗಿ ಬರುವ ಮಾತು ಮೊದಲೇ ಕಟ್ಟಿಟ್ಟದ್ದೇ ಇರಬೇಕು. ನಾನು ದಿಂಬು ಕೊಟ್ಟೆ. ಅವಳು ಅದನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. "ನಿನ್ನ ಅರಳೀ ವಾಸನಿ ಒಂದ ನೋಡು ನನಗ ಹತ್ತೂದು. ಮೊದಲ ಸಣ್ಣವ್ರನ್ನ ಕೈಯಾಗ ಹಿಡದ್ರ ಇದು ಯಾರ ಮನೀದು, ಇದಕ್ಕ ಯಾರ ಮನಿ ದೂರ ಅಂತ ಮೂಗ ಹೇಳತಿತ್ತು. ಈಗ ನಿನ್ನ ಲೋಬಾನ ಬಿಟ್ಟರ ಏನೂ ಇಲ್ಲ." ಹೊಗಳಿ ನನ್ನ ಬಾಯಿ ಮುಚ್ಚಿಸುತ್ತಿದ್ದಾಳೆ ಎಂದುಕೊಂಡು ಎದ್ದು ಬಂದೆ.

ಅಂದಿನಿಂದ ನನ್ನ ಕಣ್ಣು ನೆಟ್ಟಗೆ ನೋಡುವುದನ್ನು ಮರೆಯಿತು. ಹಾಲವ್ವ ಯಾರ ಮನೆಯ ಮುಂದೆ ನಿಂತಳು, ಸಾಹುಕಾರರು ಯಾರ ಜೊತೆ ಮಾತಾಡಿದರು, ಎಲ್ಲವೂ ಒಂದಕ್ಕೊಂದು ಹೊಲಿಗೆ ಬೀಳುತ್ತಿತ್ತು. ನನ್ನ ಮನೆಯೊಳಗೇ ಏನು ನಡೆದಿದೆ ಎಂಬುದನ್ನು ಮಾತ್ರ ನಾನು ನೋಡಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅರಳೆಯ ರಾಶಿ ಸರಿಸಿದೆ. ಹಿತ್ತಲ ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆ ಇರಲಿಲ್ಲ. ಆ ತೂತಿನಿಂದ ಬಯಲ ಬೆಳಕು ಬರುತ್ತಿತ್ತು. ಬೆಳಕಿಗೆ ಅಡ್ಡ ಒಂದು ಇಲಿ ಕೂತಿತ್ತು. ಇಲಿ ಎಂದೇ ಹೇಳುತ್ತೇನೆ. ಮಣ್ಣಿನ ಬಣ್ಣ, ಒಂದು ಕಿವಿ ಮೋಟು, ಮೈಮೇಲೆಲ್ಲ ಹಳೆ ಗಾಯದ ಗುರುತು. ನನ್ನನ್ನು ನೋಡಿ ಓಡಲೂ ಇಲ್ಲ, ತನ್ನದೇ ಮನೆಯೆಂಬಂತೆ ಮೀಸೆ ಒರೆಸಿಕೊಂಡಿತು. ಅದರ ಹಿಂದೆ ಹತ್ತಿಯ ಗೂಡು. ಗೂಡಿನಲ್ಲಿ ಬಿಳಿಗೊರಳಿ, ಅವಳ ಹೊಟ್ಟೆಗೆ ಅಂಟಿಕೊಂಡು ಹನ್ನೊಂದು ಮರಿಗಳು. ಒಂದು ಕಂದು, ಒಂದು ಕಪ್ಪು, ಒಂದಕ್ಕೆ ಬಿಳಿ ಕೊರಳು, ಒಂದಕ್ಕೆ ಬೂದು ಬೆನ್ನು. ಒಂದರ ಹಾಗೆ ಇನ್ನೊಂದಿರಲಿಲ್ಲ.

ಬಯಲಿನದನ್ನು ಒಳಗೆ ಬಿಟ್ಟುಕೊಂಡ ಮನೆಗೆ ನಾಳವಿಲ್ಲ, ಇದು ಊರಿನ ಕಟ್ಟಳೆ. ಆ ಮನೆಗೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಅಂಥ ಗೋಡೆ ಮೂರು ನಾಲ್ಕು ವರ್ಷಕ್ಕೆ ತಾನಾಗಿ ಖಾಲಿಯಾಗುತ್ತದೆ. ಇಟ್ಟಿಗೆ ಕಿತ್ತವರು ಯಾರು? ಹಾಲವ್ವನೇ ಇರಬೇಕು, ನಾನು ಬೆರಳು ನೋಡಿದ್ದು ಗೊತ್ತಾಗಿ ಬಾಯಿ ಕಟ್ಟಿಸಲು ಹೂಡಿದ ಹೂಟ ಇದು ಅಂದುಕೊಂಡೆ. ಚಾಂದಬಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಯಾರ ಮ್ಯಾಲೂ ಹಾಕಬ್ಯಾಡ ಅಪ್ಪಾ. ನಾನ ಕಿತ್ತೇನಿ."

"ನಿನಗ ತಲಿ ಕೆಟ್ಟದೇನ? ಗಂಡನ ಊರಿಗೆ ಹೋಗಿ ನಮ್ಮ ರೀತಿ ಎಲ್ಲಾ ಮರತ್ಯಾ?"

"ನೀ ಹಗಲೆಲ್ಲಾ ಮಂದೀ ಮನಿ ಕಾಯತೀದಿ, ನಿನ್ನ ಗ್ವಾಡ್ಯಾಗ ಏನ ನಡದದ ಅಂತ ನೋಡೀದೇನು? ಈ ಹೆಣ್ಣ ಒಂದ ತಿಂಗಳಾ ನಮ್ಮ ಗಂಡುಗಳ ಮಗ್ಗುಲಿಗೆ ಹೋಗಲಿಲ್ಲ. ಅವು ಬಂದ್ರ ಒಡಹುಟ್ಟಿದಾವ್ರನ್ನ ಕಂಡಾಂಗ ಮುಖಾ ತಿರುವತಿತ್ತು. ನೀ ಹಾಸಿದ ಅರಳಿ ಮ್ಯಾಲೆ ಸೀನಿ ಸೀನಿ ಸಾಕಾಗಿ ಬರೀ ನೆಲದ ಮ್ಯಾಲೆ ಮಲಗತಿತ್ತು. ಮುಂಜಾನೆದ್ದ ಕೂಡಲೆ ಈ ಗ್ವಾಡೀಗೆ ಬಂದು ಮೂಗ ಹಚ್ಚಿ ನಿಂದ್ರತಿತ್ತು. ಆಚೀ ಕಡೆ ಅದು ನಿಂತಿರತಿತ್ತು. ನನಗ ನೋಡಾಕ ಆಗಲಿಲ್ಲ, ಕಿತ್ತೆ."

"ಅದು ಬಯಲಿಂದು! ಎಲ್ಲಿ ತಿಂದದೋ, ಯಾವ ರೋಗ ಹಚಗೊಂಡು ಬಂದದೋ!"

"ಹಚಗೊಂಡು ಬಂದೂ ಜೀವಂತ ಅದ ನೋಡು," ಎಂದಳು.

ಆ ಮಾತಿಗೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಸುಣ್ಣ ಕಲಸಿ ತಂದು, ಮೋಟಗಿವಿಯನ್ನು ಕೋಲಿನಿಂದ ಹೊರಗಟ್ಟಿ, ತೂತು ಮುಚ್ಚಿದೆ. ಮರಿಗಳನ್ನೂ ಬಯಲಿಗೆ ಚೆಲ್ಲಲು ಮೊರ ತಂದೆ. ಚಾಂದಬಿ ಮರಿಗಳ ಮುಂದೆ ಬಂದು ಕೂತುಬಿಟ್ಟಳು, ಒಂಬತ್ತು ತಿಂಗಳ ಹೊಟ್ಟೆ ಹೊತ್ತುಕೊಂಡು. "ಮೊದಲ ನನ್ನ ಎತ್ತಿ ಹಾಕು," ಎಂದಳು. ಮೊರ ಗೋಡೆಗೆ ಒರಗಿಸಿ ಹೊರಗೆ ಹೋದೆ.

ಹದಿನೈದು ದಿನದಲ್ಲಿ ಜ್ವರ ಬಂತು.

ಗಚ್ಚಿನಮನೆಯಲ್ಲಿ ಒಂದೇ ಮಧ್ಯಾಹ್ನ ಇಪ್ಪತ್ತಾರು ಬಿಳಿಗೊರಳುಗಳು ಕಿಂಡಿಯ ಮುಂದೆ ಬಂದು ಒಂದರ ಪಕ್ಕ ಒಂದು ಮಲಗಿದವು. ಬೆಳಿಗ್ಗೆ ನುಚ್ಚು ತಿಂದವು, ಸಂಜೆಗೆ ಒಂದೂ ಇಲ್ಲ. ಒಂದು ಹಿಂದೆ ಒಂದು ಮುಂದೆ ಎಂದಿಲ್ಲ, ಒಂದು ಸ್ವಲ್ಪ ತಡೆದು ನೋಡಿತು ಎಂದಿಲ್ಲ. ಒಂದೇ ಬೀಗದ ಕೈಗೆ ಇಪ್ಪತ್ತಾರು ಬಾಗಿಲು ತೆರೆದ ಹಾಗೆ. ಗಾಣದ ಮನೆಯಲ್ಲೂ ಹಾಗೇ ಆಯಿತು. ಕುಂಬಾರರ ಮನೆಯಲ್ಲಿ ಎರಡು ಹೆಣ್ಣು ಉಳಿದವು. ಮರುದಿನವೇ ಖಾಲಿ ಗೋಡೆಯ ಮನೆಗಳಲ್ಲಿ ಮನುಷ್ಯರ ಮೈ ಬಿಸಿಯಾಯಿತು. ಹತ್ತು ದಿನದಲ್ಲಿ ಊರಲ್ಲಿ ಮೂವರು ಹೋದರು. ಗಾಣದ ಮನೆಯ ಅಣ್ಣತಮ್ಮಂದಿರಿಬ್ಬರು, ಮತ್ತು ಬೆಣ್ಣೆ ಕಳಿಸುತ್ತಿದ್ದ ನಿಂಬೆವ್ವ.

ನಮ್ಮ ಮನೆಯಲ್ಲಿ ಹಳಬರು ಏಳು ಜನ ಸತ್ತರು. ಬಿಳಿಗೊರಳಿಯೂ ಹೋದಳು. ಹನ್ನೊಂದು ಮರಿಗಳಲ್ಲಿ ನಾಲ್ಕು ಸತ್ತವು, ಮೂರು ಎರಡು ದಿನ ಮುದುಡಿ ಮಲಗಿ ಎದ್ದವು, ಉಳಿದ ನಾಲ್ಕು ಏನೂ ಆಗದಂತೆ ನುಚ್ಚಿನ ಬಟ್ಟಲಲ್ಲಿ ಜಗಳಾಡುತ್ತಿದ್ದವು. ಆ ಜಗಳದ ಸದ್ದು ಕೇಳುತ್ತಲೇ ಚಾಂದಬಿಗೆ ನೋವು ಬಂತು. ಹೆಣ್ಣು ಕೂಸು. ತಾಯಿಯ ಮೈಯಲ್ಲಿ ಜ್ವರದ ಬಿಸಿಯಿರಲಿಲ್ಲ, ಕೂಸಿನ ಮೈ ಬೇಕಾದಷ್ಟೇ ಬೆಚ್ಚಗಿತ್ತು.

ಕೂಸನ್ನು ನೋಡಲು ಬಂದವರು ಕೂಸನ್ನು ನೋಡಲಿಲ್ಲ. ಬೆಲ್ಲ ಕೊಡುತ್ತ, ಕಣ್ಣು ಮಾತ್ರ ಕಿಂಡಿಯ ಕಡೆ. "ನಿಮ್ಮವು ಇನ್ನೂ ಅದಾವಲ್ರೀ?" "ಗಚ್ಚಿನಮನೀವ ಉಳೀಲಿಲ್ಲ, ನಿಮ್ಮವು ಹ್ಯಾಂಗ ಉಳದಾವು?" "ಅದೇನದು ಕಂದು ಕಂಡಾಂಗಾತು?" ಚಾಂದಬಿ ಕಿಂಡಿಗೆ ಅಡ್ಡ ಕೂತು, "ಒಲೀ ಹೊಗಿ ಹತ್ತಿ ಹಾಂಗಾಗ್ಯಾವ್ರೀ" ಎನ್ನುತ್ತಿದ್ದಳು. ಇಷ್ಟು ದಿನ ನಾನು ಊರನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಈಗ ಊರು ನನ್ನನ್ನು ನೋಡತೊಡಗಿತು.

ಕೂಸಿಗೆ ಒಂಬತ್ತನೆಯ ದಿನ ಕಟ್ಟೆಯಲ್ಲಿ ಊರು ಕೂಡಿತು. ಅಂದಾನಪ್ಪ ಸಾಹುಕಾರರು ತಾಯಿಯ ಸೂತಕದ ಬೋಳುತಲೆಯಲ್ಲಿ ಕೂತಿದ್ದರು. ಅವರ ಮುಂದೆ ಹಾಲವ್ವ, ಪಕ್ಕದಲ್ಲಿ ಆ ಮೂರು ಬಾಯಿಯ ನಾಳ.

"ಆಯಿ," ಎಂದರು ಸಾಹುಕಾರರು, "ನನ್ನ ಅವ್ವ ನಿನ್ನ ಗೆಣತಿ ಇದ್ಲು. ಅದಕ್ಕ ನಿನಗ ಒಂದ ಸಲ ನೆಟ್ಟಗ ಕೇಳತೀನಿ. ಕೂಡಿಕಿ ಸರಿ ಮಾಡೀಯೋ ಇಲ್ಲೋ?" ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಅವರು ನನ್ನ ಕಡೆ ತಿರುಗಿದರು. "ದಾವಲಾ, ನೀ ಸುಳ್ಳಾಡಾವಲ್ಲ. ಆಕೀ ಮಗ್ಗುಲಿಗೇ ಕುಂದರತೀದಿ. ಏನಾರ ನೋಡೀಯೇನು?"

ಇಷ್ಟು ತಿಂಗಳು ಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬೆರಳು ನೋಡಿದೆ ಎಂದರೆ ಮುಗಿಯಿತು. ಮುದುಕಿ ಊರು ಬಿಡುತ್ತಾಳೆ, ಊರಿನ ಸಂಶಯ ಅವಳ ಬೆನ್ನು ಹತ್ತಿ ಹೋಗುತ್ತದೆ, ನನ್ನ ಕಿಂಡಿಯಲ್ಲಿ ಯಾರೂ ಇಣುಕುವುದಿಲ್ಲ. "ಬೆರಳು..." ಎಂದೆ. ಅಷ್ಟರಲ್ಲಿ ಹಾಲವ್ವ ತಾನೇ ಕೈಯೆತ್ತಿದಳು.

"ಹೌದ್ರೆಪಾ, ಬೆರಳಿಲೆ ನೂಕೇನಿ. ದಾವಲ ನೋಡ್ಯಾನ, ನನಗೂ ಗೊತ್ತದ. ನೂಕದ ಏನ ಮಾಡ್ಲಿ? ಹೆಣ್ಣುಗಳು ನಡ್ಯಾಕ ಒಲ್ಲವು. ನಾಳದ ನಟ್ಟನಡಬರಕ ಕುಂತು ಬರೇ ಸೀನತಾವ. ಆಚೀಗಿಲ್ಲ, ಈಚೀಗಿಲ್ಲ. ನೀವೆಲ್ಲಾ ಬಿಸಲಾಗ ನಿಂತೀರಿ, ನಿಮಗ ಬಿಳಿಗೊರಳ ಬೇಕು. ಎತ್ತ ನೂಕಿದ್ರ ನೀವು ಖುಷಿ ಆಗತೀರೋ ಅತ್ತ ನೂಕಿದೆ. ನನ್ನ ಮೂಗ ಸತ್ತದ, ಹೇಳಾಕ ನಾಚಿಗಿ ಆತು. ಆದ್ರ ಅವುಗಳ ಮೂಗೂ ಸತ್ತಾವು ಅಂದ್ರ ಯಾರ ನಂಬತಾರ?"

"ಎಷ್ಟ ವರ್ಷಾತು ಹೀಂಗ?"

"ಆರ ವರ್ಷ. ಆರನೇದ್ದು ಇದು."

ಆರು ವರ್ಷ. ಖಾಸಿಂಬಿಯ ನಲವತ್ತನೆಯ ದಿನ. ನಾನು ಕೂತಲ್ಲೇ ನನ್ನ ಅಂಗೈಯನ್ನು ಮೂಗಿಗೆ ತಂದುಕೊಂಡೆ. ತೊಳೆದರೂ ಹೋಗದ ಲೋಬಾನ. ಬಿಳಿಗೊರಳಿ ನನ್ನ ಅರಳೆಯ ಮೇಲೆ ಸೀನಿ ಸೀನಿ ಬರಿನೆಲಕ್ಕೆ ಹೋದದ್ದು ನೆನಪಾಯಿತು. "ನಿನ್ನ ಲೋಬಾನ ಬಿಟ್ಟರ ಏನೂ ಇಲ್ಲ" ಎಂದು ಮುದುಕಿ ದಿಂಬು ಮೂಸುತ್ತ ಹೇಳಿದ್ದೂ ನೆನಪಾಯಿತು. ಹೆಣ್ಣು ಮೂಸಿ ತನ್ನ ರಕ್ತಕ್ಕೆ ದೂರವಾದವನನ್ನು ಆರಿಸಿಕೊಳ್ಳಲಿ ಎಂದು ಹಿರಿಯರು ಮಾಡಿದ ನಾಳ ಅದು. ಅದರ ಎರಡೂ ಬಾಯಿಗೆ ನಾನು ಒಂದೇ ವಾಸನೆ ತುರುಕಿದ್ದೆ. ಭಕ್ತಿಯಿಂದ ತುರುಕಿದ್ದೆ.

ಎದ್ದು ನಿಂತೆ. ನಾನು ಕಟ್ಟೆಯಲ್ಲಿ ಎದ್ದು ಮಾತಾಡಿದವನಲ್ಲ, ಜನಕ್ಕೆ ಅದೇ ಒಂದು ಸೋಜಿಗವಾಯಿತು. "ಸಾವ್ಕಾರ್ರ, ಹಾಲವ್ವನ ಬೆರಳಲ್ಲ, ನನ್ನ ಹೊಗಿ," ಎಂದೆ. ಲೋಬಾನದ ಮಾತು ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಉಳಿದರ್ಧವನ್ನು ಊರು ಇಣುಕಿ ಇಣುಕಿ ಹುಡುಕುತ್ತದೆ. ಬಾಣಂತಿ ಎಷ್ಟು ದಿನ ಕಿಂಡಿಗೆ ಅಡ್ಡ ಕೂತಾಳು? ಕಿತ್ತ ಇಟ್ಟಿಗೆ, ಮೋಟಗಿವಿ, ಹನ್ನೊಂದು ಬಗೆಯ ಹನ್ನೊಂದು ಮರಿ, ಎಲ್ಲವನ್ನೂ ಹೇಳಿದೆ. ಇಟ್ಟಿಗೆ ಕಿತ್ತವನು ನಾನು ಎಂದೆ. ಅದೊಂದೇ ಸುಳ್ಳು.

ಎಲ್ಲರೂ ಒಟ್ಟಿಗೇ ದನಿ ಎತ್ತಿದರು. "ಬಯಲಿಂದು ಒಳಗ ಬಿಟ್ಟಾನ!" "ಜ್ವರಾನ ಅದ ತಂದಿರಬೇಕು!" "ಹೊಗಿ ಕತೀ ಈಗ ಕಟ್ಯಾನ!" ಸಾಹುಕಾರರು ಕೈಯೆತ್ತಿ ಸುಮ್ಮನಾಗಿಸಿದರು. ಅವರ ಕಣ್ಣು ನನ್ನ ಮೇಲೇ ಇತ್ತು, ನಂಬುವ ಕಣ್ಣಲ್ಲ. "ತೋರಸು," ಎಂದರು.

ಕುಂಬಾರರ ಮನೆಯ ಉಳಿದ ಹೆಣ್ಣೊಂದನ್ನು ತಂದರು. ನಾಳದ ಒಂದು ಬಾಯಿಗೆ ನನ್ನ ಹಳೆಯ ಹೊಗೆ ಅರಳೆ, ಇನ್ನೊಂದಕ್ಕೂ ಅದೇ. ಹೆಣ್ಣು ನಡುವೆ ಕೂತು ಸೀನಿತು. ಒಂದು, ಎರಡು, ಐದು ಸಲ. ಅದಾದ ಮೇಲೆ ನಾಳವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಹೊಗೆ ತಾಗದ ಕಚ್ಚಾ ಹತ್ತಿಯನ್ನು ತಂದರು. ಒಂದು ತುಂಡಿಗೆ ಕುಂಬಾರರ ಮನೆಯ ಸತ್ತ ಗಂಡುಗಳ ಗೂಡನ್ನು ತಿಕ್ಕಿದರು, ಇನ್ನೊಂದಕ್ಕೆ ನಮ್ಮ ಬದುಕುಳಿದ ಗಂಡು ಮರಿಗಳ ಗೂಡನ್ನು. ಹಾಲವ್ವ ಎರಡೂ ಕೈ ಎತ್ತಿ ತಲೆಯ ಮೇಲಿಟ್ಟುಕೊಂಡಳು, ಎಲ್ಲರಿಗೂ ಕಾಣುವ ಹಾಗೆ. ಹೆಣ್ಣು ಎಡಕ್ಕೆ ಮೂಗು ಎತ್ತಿತು, ಬಲಕ್ಕೆ ಎತ್ತಿತು. ಮೀಸೆ ಅಲುಗಿದವು. ನಾಳದ ಗೋಡೆಗೆ ಮೈ ತಾಗಿಸದೆ ನೆಟ್ಟಗೆ ನಮ್ಮ ಹತ್ತಿಯ ಕಡೆ ನಡೆದು, ಅದರೊಳಗೆ ತಲೆ ಹುದುಗಿಸಿತು.

"ನೋಡ್ರೆಪಾ," ಎಂದಳು ಹಾಲವ್ವ ಮೆಲ್ಲಗೆ. "ನೂರು ಮಂದೀನ ಕಾವಲಿಗೆ ನಿಲ್ಲಿಸಿ, ನೂರು ಮಂದೀಗೂ ಒಬ್ಬನ ಕಳ್ಳನ ಗುರುತು ಹೇಳಿಕೊಟ್ಟಿದ್ದಿವಿ. ಬ್ಯಾರೆ ಕಳ್ಳ ಬಂದ, ಎಲ್ಲಾರೂ ಕೂಡೇ ಕೈಮುಗದು ಬಾಗಲಾ ತಗದ್ರು."

ಕಣ್ಣಾರೆ ಕಂಡದ್ದು ಒಂದು, ಕಟ್ಟಳೆ ಒಂದು. ಸಾಹುಕಾರರು ಎದ್ದರು. "ಆಯೀದು ತಪ್ಪಿಲ್ಲ. ಆದ್ರ ಬಯಲಿಂದು ಹೊಕ್ಕ ಮನೀಗೆ ನಾಳ ಇಲ್ಲ. ಹಿಂದಿನಿಂದ ಬಂದದ್ದು," ಎಂದು, ನನ್ನ ಮುಖ ನೋಡದೆ ಹೋದರು.

ನಾಲ್ಕು ದಿನ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಎದುರಾದವರು ಸಣ್ಣವರ ಕ್ಷೇಮ ಕೇಳದೆ ದಾಟಿಹೋದರು. ಐದನೆಯ ದಿನ ಮಧ್ಯಾಹ್ನ ಕುಂಬಾರರ ಹೆಂಗಸು ಒಂದು ಹಳೆ ದಿಂಬು ತಂದಳು. ಹತ್ತಿ ಹಿಂಜಿಸುವ ಕಾಲವಲ್ಲ ಅದು. "ಅವಸರಿಲ್ರೀ. ಮೂರ ವಾರ ಬಿಟ್ಟು ಬರ್ತೇನಿ," ಎಂದು ಕೊಟ್ಟು, ಹಿಂದೆ ಮುಂದೆ ನೋಡಿ ಹೋದಳು. ದಿಂಬನ್ನು ಕೈಗೆತ್ತಿಕೊಂಡೆ. ಒಳಗೆ ಏನೋ ಮಿಸುಕಿತು. ಸಣ್ಣವರು ಬಸುರಾಗಿ ಹೆರಲು ಮೂರು ವಾರ ಬೇಕು. ಮರುದಿನ ಎರಡು ಗಾದಿ ಬಂದವು, ಅದರ ಮರುದಿನ ಮೂರು ದಿಂಬು. ಒಬ್ಬರು ಬರುವುದನ್ನು ಕಂಡು ಇನ್ನೊಬ್ಬರು ಸಂದಿಗೆ ಸರಿಯುತ್ತಿದ್ದರು. ಇಬ್ಬರು ಬಾಗಿಲಲ್ಲೇ ಮುಖಾಮುಖಿಯಾದರೆ, "ಹತ್ತಿ ಗಂಟಾಗ್ಯಾವ್ರೀ," "ನಮ್ಮವೂ ಗಂಟಾಗ್ಯಾವ್ರೀ," ಎಂದು ಒಬ್ಬರನ್ನೊಬ್ಬರು ಅಳೆದು ನೋಡುತ್ತಿದ್ದರು.

ಕೊನೆಗೆ ಅಂದಾನಪ್ಪ ಸಾಹುಕಾರರು ಬಂದರು, ಆಳಿನ ಕೈಗೆ ಕೊಡದೆ ಗಾದಿಯನ್ನು ತಾವೇ ಹೆಗಲ ಮೇಲೆ ಹೊತ್ತುಕೊಂಡು. ನಿಂಬೆವ್ವನ ಗಾದಿ ಅದು, ನಾನೇ ಹೊಲಿದದ್ದು. ಅದನ್ನಿಳಿಸಿಕೊಂಡು ರೂಢಿಯಂತೆ ಮೂಲೆ ಮೂಲೆ ಒತ್ತಿ ನೋಡಿದೆ. ಒಳಗೆ ಏನೂ ಅಲುಗಲಿಲ್ಲ.

"ಹುಡುಕಬ್ಯಾಡ," ಎಂದರು. "ನಮ್ಮದರಾಗ ಏನೂ ಇಲ್ಲ. ನಮ್ಮ ಗ್ವಾಡಿ ಖಾಲಿ ಅದ."

"ಹಿಂಜಿ ಕೊಡತೀನ್ರಿ ಸಾವ್ಕಾರ್ರ."

"ತಿರುಗಿ ಕೊಡೂ ಮುಂದ ಖಾಲಿ ಕೊಡಬ್ಯಾಡ."

ಒಳಗೆ ಚಾಂದಬಿ ಕೂಸನ್ನು ತೂಗುತ್ತ ಹಾಡುತ್ತಿದ್ದಳು. ನನ್ನಪ್ಪನ ಬಳ್ಳಿಗೆ ಅವಳೇ ಕಟ್ಟಿ ಸೇರಿಸಿದ ಸಾಲು: "ಬಯಲಿಂದ ಬಂದಾನ ಮೋಟಗಿವಿಯವನು, ಹುಟ್ಯಾವ ಹನ್ನೊಂದು ಹಿಂಜುವ ಮನಿಯಾಗ." ಸಾಹುಕಾರರು ಕೇಳಿಸಿಕೊಂಡರು. ಹಿತ್ತಲ ಗೋಡೆಯ ಬುಡ ನೋಡಿದರು. ಅಲ್ಲಿ ನಾನು ಬಳಿದಿದ್ದ ಸುಣ್ಣವನ್ನು ನಾನೇ ಕೆರೆದು ತೆಗೆದಿದ್ದೆ, ಬಯಲ ಬೆಳಕು ಅರಳೆಯ ಮೇಲೆ ಬಿದ್ದಿತ್ತು.

"ಲೋಬಾನ?" ಎಂದಷ್ಟೇ ಕೇಳಿದರು.

"ಇಲ್ರಿ. ಈಗ ಖಾಸಿಂಬೀ ಗೋರಿ ಹತ್ರ ಹೋಗಿ ಹಾಕಿ ಬರ್ತೇನಿ."

ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಬಾಗಿ, ರಾಶಿಯಿಂದ ಒಂದು ಹಿಡಿ ಅರಳೆ ತೆಗೆದುಕೊಂಡು ಮೂಗಿಗೆ ಹಿಡಿದರು. ಕಣ್ಣು ಮುಚ್ಚದೆ, ನನ್ನನ್ನೇ ನೋಡುತ್ತ, ಬಹಳ ಹೊತ್ತು ಮೂಸಿದರು. ಆಮೇಲೆ ಆ ಹಿಡಿಯನ್ನು ತೆಗೆದಲ್ಲೇ ಇಟ್ಟು, ತಾಯಿಯ ಗಾದಿಯನ್ನು ಅಂಗೈಯಿಂದ ಒಮ್ಮೆ ಸವರಿ, ಹೊರಟುಹೋದರು.